ಯಲ್ಲಕ್ಕ ಕರೆಯದ ಹೆಸರು

ಮಳೆಗಾಲ ಬಂತೆಂದರೆ ನಮ್ಮ ಹರಿಯಬ್ಬೆಯಲ್ಲಿ ಸೊಳ್ಳೆಗಳು ಎಲ್ಲರ ಮನೆಯಲ್ಲೂ ಕಾಟ ಕೊಡುತ್ತವೆ. ಗೊಲ್ಲರಹಟ್ಟಿಯ ಯಲ್ಲಕ್ಕನ ಮನೆಯಲ್ಲಿ ಮಾತ್ರ ಅವು ಉಪದ್ರ ಕೊಡುತ್ತಿದ್ದವು. ಕಾಟ ಎಂಬ ಮಾತನ್ನು ಆಕೆ ಮದುವೆಯಾದಂದಿನಿಂದ ನಾಲಿಗೆಯ ಮೇಲೆ ಇಟ್ಟವಳಲ್ಲ. ಯಾಕೆಂದರೆ ಗಂಡನಿಗೆ ಇಟ್ಟದ್ದು ಹಟ್ಟಿಯ ದೇವರ ಹೆಸರು, ಕಾಟಲಿಂಗಪ್ಪ. ಗಂಡನ ಹೆಸರು ಕರೆದರೆ ಅವನ ಆಯಸ್ಸು ಸವೆಯುತ್ತದೆ ಎಂದು ನಮ್ಮ ಕಡೆಯ ಹೆಣ್ಣುಮಕ್ಕಳು ಹಿಂದಿನಿಂದಲೂ ನಂಬಿಕೊಂಡು ಬಂದಿದ್ದಾರೆ. ಉಳಿದವರು ಹೆಸರನ್ನಷ್ಟೇ ಬಿಟ್ಟರೆ ಯಲ್ಲಕ್ಕ ಆ ಹೆಸರಿನ ನೆರಳು ಬಿದ್ದ ಮಾತನ್ನೂ ಬಿಟ್ಟಿದ್ದಳು.

ಪಕ್ಕದ ಮನೆಯ ನಿಂಗಕ್ಕ ಬೇಕೆಂದೇ ಕೆಣಕುತ್ತಿದ್ದಳು.

“ಯಲ್ಲಕ್ಕ, ರಾತ್ರಿ ಸೊಳ್ಳೆ ಏನ್ ಕೊಟ್ವೇ?”

“ನಿನ್ ಗಂಡನಿಗೆ ಸೀರೆ ಕೊಟ್ವು. ಉಟ್ಕಳಕೆ ಹೇಳು ಹೋಗು.”

ರೇಷನ್ ಕಾರ್ಡಿನವರು ಬಂದು ಯಜಮಾನರ ಹೆಸರೇನು ಎಂದು ಕೇಳಿದರೆ, “ಗುಡಿ ಮುಂದೆ ಹೋಗಿ ಕೈ ಮುಗೀರಿ. ಯಾವ ದೇವ್ರ ಹೆಸ್ರು ಹೇಳಿ ಮುಗಿತೀರೋ ಅದೇ ಹೆಸ್ರು ಬರ್ಕಳ್ರಿ,” ಎಂದು ರೊಪ್ಪದ ಕಡೆ ಹೋಗಿಬಿಡುತ್ತಿದ್ದಳು. ಕುರಿ ಕೂಡುವ ಆ ಜಾಲಿಮುಳ್ಳಿನ ರೊಪ್ಪವೇ ಆಕೆಯ ಅರಮನೆ. ಸಂಜೆ ಹಿಂಡು ಬಂದಾಗ ಮರಿಗಳನ್ನು ಒಂದೊಂದಾಗಿ ಎತ್ತಿ ಅದರದರ ತಾಯಿಯ ಕೆಚ್ಚಲಿಗೆ ಬಿಡುವುದು ಆಕೆಯ ಕೆಲಸ. ಯಾವ ಮರಿ ಯಾವ ತಾಯಿಯದು ಎಂದು ಕಣ್ಣು ಕಟ್ಟಿದರೂ ಹೇಳಬಲ್ಲಳು. ಎತ್ತರದ ಹೆಂಗಸು, ಗಂಡಸಿನಂಥ ನಡಿಗೆ, ನಕ್ಕರೆ ಹಟ್ಟಿಯ ಕೊನೆಯ ಮನೆಗೂ ಕೇಳುತ್ತಿತ್ತು. ಮಗ ರಂಗೇಶ ಹಿರಿಯೂರಿನ ಕಡೆ ಕರೆಂಟಿನ ಲೈನ್‌ಮ್ಯಾನ್. ಸೊಸೆ ನೇತ್ರಾವತಿ ಹಟ್ಟಿಯ ಅಂಗನವಾಡಿಯಲ್ಲಿ ಟೀಚರು. ಎಲ್ಲರೂ ಒಂದೇ ಮನೆ, ಒಂದೇ ಒಲೆ.

ನನ್ನದು ಹರಿಯಬ್ಬೆ ಬಸ್‌ಸ್ಟಾಪಿನ ಪಕ್ಕದಲ್ಲಿ ಹಿಟ್ಟಿನ ಗಿರಣಿ. ಶಾಲೆ ನಾಲ್ಕನೇ ಕ್ಲಾಸಿಗೇ ನನ್ನನ್ನು ಬಿಟ್ಟಿತು, ಓದನ್ನು ನಾನು ಬಿಡಲಿಲ್ಲ. ಪಟ್ಟಾದ ಸದ್ದಿನಲ್ಲಿ ಹಿಟ್ಟು ಮೆತ್ತಿದ ಕೈಯಿಂದ ಹಾಳೆ ತಿರುವಿ ಹಳಗನ್ನಡವನ್ನೂ ಬಗ್ಗಿಸಿಕೊಂಡವನು ನಾನು. ಕಾಟಲಿಂಗಪ್ಪನೂ ನಾನೂ ಒಂದೇ ವಾರಿಗೆಯವರು. ಅವನು ರಾಗಿ ಬೀಸಿಸಲು ಬಂದರೆ ಹಿಟ್ಟು ತಣ್ಣಗಾಗುವವರೆಗೂ ಕೂತು ಹೋಗುವನು. ಹಾಗೆ ಕೂತಾಗಲೇ ಅವನು ತನ್ನ ಹೆಸರಿನ ಕತೆ ಹೇಳಿದ್ದು.

ಕಾಟಲಿಂಗಪ್ಪ ಸಣ್ಣವನಿದ್ದಾಗಲೇ ತಾಯಿ ತೀರಿಕೊಂಡಳು. ಹೊಸದುರ್ಗದ ಕಡೆ ಮಾಡದಕೆರೆ ಹತ್ತಿರದ ಹಟ್ಟಿಯಲ್ಲಿದ್ದ ಸೋದರಮಾವ ಅವನನ್ನು ಕರೆದುಕೊಂಡು ಹೋಗಿ ಕುರಿ ಕಾಯಲು ಹಚ್ಚಿದ. ಆ ಮಾವನ ಮಗಳೇ ಯಲ್ಲಕ್ಕ. ಅವಳೂ ಒಂದು ಹಿಂಡು ಹೊಡೆದುಕೊಂಡು ಬರುತ್ತಿದ್ದಳು. ಅಲ್ಲೊಂದು ಕಲ್ಲುದಿಬ್ಬ, ಸುತ್ತ ಕುರುಚಲು ಗಿಡ. ದಿಬ್ಬದ ಈ ಮಗ್ಗುಲಲ್ಲಿ ಇವನ ಹಿಂಡು, ಆ ಮಗ್ಗುಲಲ್ಲಿ ಅವಳ ಹಿಂಡು. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ತೋಳದ ಭಯ ಬೇರೆ. ಅದಕ್ಕೆ ಅವಳು ಆಗಾಗ ಆ ಕಡೆಯಿಂದ “ಲೇ ಕಾಟಾ…” ಎಂದು ಉದ್ದಕ್ಕೆ ಕೂಗುವಳು. ಇವನು “ಓ” ಎನ್ನುತ್ತಿರಲಿಲ್ಲ. ಕುರಿ ಕರೆಯುವ ಹಾಗೆ ನಾಲಿಗೆ ಮಡಿಸಿ “ಟುರ್ರ್… ಹೋ…” ಎನ್ನುವನು. ಅಷ್ಟೇ ಮಾತು. ಇದ್ದೀಯಾ ಎಂದರೆ ಇದ್ದೀನಿ ಎಂದು. ಹೊತ್ತು ಹುಟ್ಟಿ ಮುಳುಗುವವರೆಗೆ ಅದೆಷ್ಟು ಸಲವೋ.

ಎರಡೂ ಮನೆಯವರು ಸೇರಿ ವೀಳ್ಯ ಬದಲಾಯಿಸಿಕೊಂಡ ದಿನ ಅವಳ ಅಜ್ಜಿ ಹುಡುಗಿಯನ್ನು ಮೂಲೆಗೆ ಕರೆದು, ಇವತ್ತಿನಿಂದ ಆ ಹೆಸರು ನಿನ್ನ ಬಾಯಲ್ಲಿ ಬರಕೂಡದು ಎಂದಳು. ಮಾರನೆಯ ದಿನ ದಿಬ್ಬದ ಆ ಮಗ್ಗುಲಿನಿಂದ ಕೂಗು ಬರಲಿಲ್ಲ. ಇವನು ಕಾದ. ತಾನೇ ಎರಡು ಸಲ ಟುರ್ರ್ ಎಂದ. ಕುರಿಗಳು ಮಾತ್ರ ತಲೆ ಎತ್ತಿ ನೋಡಿದವು.

ಮದುವೆಯ ದಿನ ಹೊಸ್ತಿಲಲ್ಲಿ ಮದುಮಗಳಿಂದ ಗಂಡನ ಹೆಸರು ಹೇಳಿಸುವ ಶಾಸ್ತ್ರ ನಮ್ಮಲ್ಲುಂಟು. ಅವತ್ತೊಂದು ದಿನಕ್ಕೆ ಮಾಫಿ. ಕಾಟಲಿಂಗಪ್ಪ ಬಾಸಿಂಗದ ಒಳಗೇ ಕಿವಿ ನಿಮಿರಿಸಿಕೊಂಡು ನಿಂತಿದ್ದನಂತೆ. ಯಲ್ಲಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹೊಸ್ತಿಲಿಗೆ ಅಡ್ಡ ನಿಂತಿದ್ದ ನಾದಿನಿಯ ಕಂಕುಳ ಕೆಳಗೆ ನುಸುಳಿ ಒಳಗೆ ಹೋಗಿ ಒಲೆಯ ಮುಂದೆ ಕೂತುಬಿಟ್ಟಳು. ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿಂದಾಚೆಗೆ ಅವನು “ಇಗಾ” ಆದ, ಮಗ ಹುಟ್ಟಿದ ಮೇಲೆ “ರಂಗೇಶನಪ್ಪ” ಆದ.

“ಹುಡುಗಿ ನಮ್ಮನೆಗೆ ಬಂದ್ಲು ಕಣ್ಲಾ ತಿಮ್ಮ,” ಎಂದಿದ್ದ ಕಾಟಲಿಂಗಪ್ಪ, ಬಿಸಿ ಹಿಟ್ಟಿನಲ್ಲಿ ಬೆರಳಾಡಿಸುತ್ತ. “ನನ್ನ ಹೆಸ್ರು ಅಲ್ಲೇ ಉಳೀತು. ಮಾಡದಕೆರೆ ದಿಬ್ಬದಾಗೆ ಇನ್ನೂ ಒಂದೇ ಓಡಾಡ್ತಾ ಇರ್ಬೇಕು ಅದು.”

ನಾನು ನಕ್ಕೆ. ಅವನು ನಗಲಿಲ್ಲ.

ಯಲ್ಲಕ್ಕನಿಗೆ ಮರೆವು ಬಂದದ್ದು ಮೊದಲು ಗೊತ್ತಾದದ್ದು ಕುರಿಗಳಿಗೆ. ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ, ಹಚ್ಚಿದ ಒಲೆಯ ಮುಂದೆ ಬೆಂಕಿಪೊಟ್ಟಣ ಹುಡುಕಿದಾಗ ಮನೆಯವರು ವಯಸ್ಸಾಯಿತಲ್ಲ ಎಂದು ಸುಮ್ಮನಾದರು. ಒಂದು ಸಂಜೆ ಆಕೆ ಒಂದು ಬಿಳಿಮುಖದ ಮರಿಯನ್ನು ಎತ್ತಿ ಬೇರೆ ತಾಯಿಯ ಕೆಚ್ಚಲಿಗೆ ಒಡ್ಡಿದಳು. ಕುರಿ ಮೂಸಿ ನೋಡಿ ಒದೆಯಿತು. ಮತ್ತೆ ಒಡ್ಡಿದಳು. ಮತ್ತೆ ಒದೆಯಿತು. ಮೂಲೆಯಲ್ಲಿ ಆ ಮರಿಯ ನಿಜವಾದ ತಾಯಿ ಕೊರಳು ಹರಿಯುವಂತೆ ಅರಚುತ್ತಿತ್ತು.

“ನೋಡ್ರಿ ಇಗಾ, ಈ ಕುರಿಗೆ ಮರೆವು ಬಂದೈತೆ,” ಎಂದಳು ಯಲ್ಲಕ್ಕ. “ಹೆತ್ತ ಮರೀನೇ ಗುರ್ತು ಹಿಡೀವಲ್ದು.”

ಕಾಟಲಿಂಗಪ್ಪ ಮರಿಯನ್ನು ಆಕೆಯ ಕೈಯಿಂದ ತೆಗೆದುಕೊಂಡು ಮೂಲೆಯ ಕುರಿಗೆ ಬಿಟ್ಟ. ಅದು ಬಾಲ ಬಡಿಯುತ್ತ ಹಾಲಿಗೆ ಬಾಯಿ ಹಾಕಿತು. ಯಲ್ಲಕ್ಕ ಅದನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ರೊಪ್ಪದೊಳಗೆ ಮರಿ ಬಿಡಲು ಆಕೆ ಹೋಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ತಾನೇ ಹೋಗಲಿಲ್ಲ.

ಒಂದು ವರ್ಷದೊಳಗೆ ಮಾತು ಕಡಿಮೆಯಾಯಿತು. “ಇಗಾ” ಎಂಬುದೂ ನಿಂತಿತು. ಗಂಡ ಎದುರಿಗೆ ಬಂದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಗೆ ಸರಿದು ನಿಲ್ಲುವಳು. ಹೊಸ ಸೊಸೆಯೂ ಹಾಗೆ ನಿಲ್ಲುತ್ತಾಳೆ. ಅಪರಿಚಿತ ಗಂಡಸು ಬಂದರೂ ಹೆಂಗಸು ಹಾಗೇ ನಿಲ್ಲುತ್ತಾಳೆ. ಇವಳು ಯಾವುದಕ್ಕೆ ಹಾಗೆ ನಿಲ್ಲುತ್ತಾಳೆ ಎನ್ನುವುದು ಕಾಟಲಿಂಗಪ್ಪನಿಗೆ ತಿಳಿಯಲಿಲ್ಲ. ತಾನು ಯಾರು ಎಂಬುದು ಅವಳಿಗೆ ಗೊತ್ತಿದೆಯೋ ಇಲ್ಲವೋ? ಅವನಿಗೆ ಬೇಕಾಗಿದ್ದದ್ದು ಇದೊಂದೇ ಮಾತಿಗೆ ಉತ್ತರ.

ನೇತ್ರಾವತಿ ರಜೆ ಹಾಕಿ ಅತ್ತೆಯನ್ನು ಚಿತ್ರದುರ್ಗಕ್ಕೆ ಕರೆದುಕೊಂಡು ಹೊರಟಳು. ಡಾಕ್ಟರ ಮಾತು ಬಿಡಿಸಿ ಹೇಳಲು ಒಬ್ಬರು ಇರಲಿ ಎಂದು ಕಾಟಲಿಂಗಪ್ಪ ನನ್ನನ್ನೂ ಎಳೆದುಕೊಂಡ. ಡಾಕ್ಟರು ಉಷಾರಾಣಿ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಸರವಿಲ್ಲದ ದನಿ.

“ಇವತ್ತು ಯಾವ ವಾರಮ್ಮ?”

“ಸಂತೆ ವಾರ.”

“ಯಾವೂರ ಸಂತೆ?”

“ನಿಮ್ಮೂರು ಯಾವುದು ಅಂತ ನನಗೇನ್ ಗೊತ್ತವ್ವ? ಈಗ ತಾನೇ ಬಂದೀನಿ.”

“ಬೆಳಿಗ್ಗೆ ಏನು ಊಟ ಮಾಡಿದ್ರಿ?”

“ಏನ್ ಇಕ್ಕಿದ್ರೋ ಅದನ್ನ. ಬಿಟ್ಟಿಲ್ಲ, ಎಲ್ಲಾ ತಿಂದೀನಿ.”

ಡಾಕ್ಟರು ನಕ್ಕರು, ನಾವೂ ನಕ್ಕೆವು. ಆಮೇಲೆ ಅವರು, “ನಿಮ್ಮ ಯಜಮಾನರ ಹೆಸರು ಹೇಳಿ ನೋಡೋಣ,” ಎಂದರು.

ಯಲ್ಲಕ್ಕ ತುಟಿ ಬಿಗಿದಳು. ಸೆರಗು ತಲೆಗೆ ಬಂತು. ಡಾಕ್ಟರು ಇನ್ನೊಂದು ಸಲ ಕೇಳಿದರು. ಅವರ ಪೆನ್ನು ಕಾಗದದ ಮೇಲೆ ಇಳಿಯುವುದನ್ನು ಕಂಡು ಕಾಟಲಿಂಗಪ್ಪ ಕುರ್ಚಿಯಿಂದ ಅರ್ಧ ಎದ್ದ.

“ಅಮ್ಮಾರೇ, ಅದನ್ನ ಮರೆವು ಅಂತ ಬರೀಬ್ಯಾಡ್ರಿ. ಬುದ್ಧಿ ಗಟ್ಟಿ ಇದ್ದಾಗ್ಲೂ ಆಕೆ ಅದನ್ನ ಹೇಳಿದೋಳಲ್ಲ.”

ಡಾಕ್ಟರ ಪೆನ್ನು ನಿಂತಿತು. “ನಮ್ಮಜ್ಜಿನೂ ಹೇಳ್ತಿರ್ಲಿಲ್ಲ,” ಎಂದರು. “ತಪ್ಪಾಯ್ತು, ಬೇರೆ ಥರ ಕೇಳ್ತೀನಿ.” ಕಾಟಲಿಂಗಪ್ಪನ ಕಡೆ ಕೈ ತೋರಿಸಿ, “ಇವರು ನಿಮಗೆ ಏನಾಗಬೇಕಮ್ಮ?” ಎಂದರು.

ಯಲ್ಲಕ್ಕ ಸೆರಗಿನ ಸಂದಿಯಿಂದ ಅವನನ್ನು ನೋಡಿದಳು. ಬಿಳಿಯ ಮೀಸೆ, ಹೆಗಲ ಮೇಲಿನ ಟವಲ್ಲು, ಕಾಲಿನ ಚಪ್ಪಲಿ, ಎಲ್ಲವನ್ನೂ ನಿಧಾನಕ್ಕೆ ನೋಡಿದಳು. ಮುಗುಳ್ನಕ್ಕು ತಲೆ ತಗ್ಗಿಸಿದಳು.

“ನಾಚ್ಕೆ ಮೇಡಂ,” ಎಂದಳು ನೇತ್ರಾವತಿ.

“ಇರಬಹುದು. ಇಲ್ಲದೇನೂ ಇರಬಹುದು,” ಎಂದರು ಡಾಕ್ಟರು. ಕಾಯಿಲೆಯ ಹೆಸರು ಡಿಮೆನ್ಷಿಯ ಎಂದೂ ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದೆಂದೂ ಹೇಳಿದರು. ಪೂರ್ತಿ ವಾಸಿ ಎನ್ನುವ ಮಾತನ್ನು ಅವರು ಆಡಲಿಲ್ಲ, ನಾವು ಕೇಳಲಿಲ್ಲ.

ಕಾಟಲಿಂಗಪ್ಪ ಕೇಳಿದ್ದು ಬೇರೆ. “ಆ ಮಾತಿಗೆ ಅರ್ಥ ಏನ್ರಮ್ಮ? ಎಲ್ಲಿ ಹುಟ್ಟಿದ ಮಾತು ಅದು?”

“ಹಳೇ ರೋಮಿನವರ ಲ್ಯಾಟಿನ್ ಮಾತು ಅಜ್ಜಾರೇ. ಮೆನ್ಸ್ ಅಂದರೆ ಮನಸ್ಸು. ಡಿ ಅಂದರೆ ಅದರಿಂದ ಆಚೆ. ಮನಸ್ಸಿನಿಂದ ಆಚೆ ಹೋಗೋದು ಅಂತ ಇಟ್ಕೊಳ್ಳಿ.” ಬಾಗಿಲವರೆಗೂ ಬಂದು ಇನ್ನೊಂದು ಮಾತು ಸೇರಿಸಿದರು. “ಮನೆಯಲ್ಲಿ ಅವರನ್ನ ಪರೀಕ್ಷೆ ಮಾಡಬೇಡಿ. ನಾನ್ಯಾರು, ಅವನ್ಯಾರು ಅಂತ ಕೇಳಬೇಡಿ. ಅವರು ಎಲ್ಲಿದಾರೋ ಅಲ್ಲಿಗೆ ನೀವೇ ಹೋಗಿ.”

ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಕೂತೆವು. ಯಲ್ಲಕ್ಕ ಕಣ್ಣಲ್ಲಿ ನೀರು ಬರಿಸಿಕೊಂಡು ಖುಷಿಯಿಂದ ತಿನ್ನುತ್ತಿದ್ದಳು. ಕಾಟಲಿಂಗಪ್ಪನ ಕೈಯಲ್ಲಿದ್ದ ಪೊಟ್ಟಣ ಹಾಗೇ ಇತ್ತು.

“ಆಚೆ ಹೋಗೋದು ಅಂದ್ರಲ್ಲೋ ತಿಮ್ಮ. ಹಟ್ಟಿ ಬಿಟ್ಟು ಆಚೆ ಹೋದೋರು ಬೇರೆ ಹಟ್ಟಿ ಸೇರ್ಕಂತಾರೆ. ಇವ್ಳು ಎಲ್ಲಿಗೆ ಹೋದ್ಲು?”

“ಅದು ಅವರ ಮಾತು,” ಎಂದೆ. “ನಮ್ಮ ಮಾತು ಹಂಗೆ ಹೇಳಲ್ಲ.”

“ಏನ್ ಹೇಳ್ತೈತೆ?”

ನನಗೆ ಗೊತ್ತಿದ್ದದ್ದನ್ನು ಹೇಳಿದೆ. ಹಳಗನ್ನಡದಲ್ಲಿ ಬಂಡಿಯ ಹೆಸರು ಹೊತ್ತ ಒಂದು ರಕಾರವಿತ್ತು, ಶಕಟರೇಫ ಎನ್ನುತ್ತಾರೆ. ಈಗ ಯಾರೂ ಬರೆಯುವುದಿಲ್ಲ. ಮರೆವು ಎನ್ನುವಾಗಲೂ ಅದೇ ಅಕ್ಷರ, ಗಿಡದ ಮರೆ ಗೋಡೆಯ ಮರೆ ಎನ್ನುವಾಗಲೂ ಅದೇ ಅಕ್ಷರ. ಎರಡೂ ಒಂದೇ ಬೇರಿನ ಚಿಗುರು ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಹಿಂದಿನವರಿಗೆ ಮರೆಯುವುದೆಂದರೆ ಕಳೆಯುವುದಲ್ಲ. ಇರುವುದೇ, ಆದರೆ ಏನೋ ಅಡ್ಡ ಬಂದು ಕಾಣದಿರುವುದು.

ಹಿರಿಯೂರಿನ ಬಸ್ಸು ಬಂತು, ಹತ್ತಿದೆವು. ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ತಿರುಗುತ್ತಿದ್ದವು. ಅರ್ಧ ದಾರಿಯಲ್ಲಿ ಕಾಟಲಿಂಗಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ.

“ಮರೆಗೆ ಹೋದ ಕುರಿ ಸತ್ತಿರಲ್ಲ. ಅದು ಸರಿ. ಆದ್ರೆ ಎದ್ರಿಗೆ ಹೋಗಿ ನಿಂತ್ರೆ ಬೆದ್ರಿ ಇನ್ನೂ ದೂರ ಓಡ್ತೈತೆ. ಕಣ್ಣಿಗೆ ಬೀಳ್ದಂಗೆ ನಿಂತು ಕೂಗು ಹಾಕ್ಬೇಕು. ಕೂಗಿನ ಹಿಂದೆ ಅದೇ ಬರ್ತೈತೆ.”

ಹೇಳಿದ್ದೇನೋ ಹೇಳಿದ. ಮನೆಗೆ ಹೋದ ಮೇಲೆ ಮಾಡಿದ್ದೆಲ್ಲ ತಿರುಗಾಮುರುಗಾ. ಡಾಕ್ಟರು ಮಾಡಬೇಡಿ ಎಂದದ್ದನ್ನೇ ಮಾಡಿದ. ಬೆಳಿಗ್ಗೆ ಎದ್ದರೆ ಅವಳ ಎದುರಿಗೆ ಕೂರುವುದು, ಕೇಳುವುದು.

“ನಾನ್ಯಾರು ಹೇಳು?”

ಯಲ್ಲಕ್ಕ ಕನಿಕರದಿಂದ ನೋಡುವಳು. “ನೀನ್ಯಾರು ಅಂತ ನಿಂಗೇ ಗೊತ್ತಿಲ್ವೇನಪ್ಪ? ಪಾಪ. ಯಾವೂರು ನಿಮ್ಮದು?”

ನೇತ್ರಾವತಿ ಒಲೆಯ ಮುಂದೆ ನಗು ತಡೆಯಲಾರದೆ ಸೆರಗು ಕಚ್ಚಿಕೊಳ್ಳುವಳು. ಆಮೇಲೆ ಅದೇ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಳು.

ಒಂದು ದಿನ ಅವನು ಹಳೆಯ ಕಂಬಳಿ ಹೊದ್ದು, ಕೋಲು ಹಿಡಿದು ಮದುವೆಯಾದ ಹೊಸತರಲ್ಲಿ ಇದ್ದ ಹಾಗೆ ನಿಂತ. “ಇವಾಗ ಗುರ್ತು ಸಿಕ್ತಾ?” ಎಂದ. ಯಲ್ಲಕ್ಕ ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟಳು. “ಕುಂತ್ಕಳ್ರಿ. ಮನೇಲಿ ಗಂಡಸ್ರು ಯಾರೂ ಇಲ್ಲ. ಬರ್ತಾರೆ,” ಎಂದಳು. ಕಾಟಲಿಂಗಪ್ಪ ಆ ನೀರು ಕುಡಿದು ಚೊಂಬು ಕೆಳಗಿಟ್ಟು ತನ್ನ ಮನೆಯ ಜಗುಲಿಯ ಮೇಲೆ ನೆಂಟನ ಹಾಗೆ ಕೂತಿದ್ದ. ನಾನು ಹೋದಾಗ ಹಾಗೇ ಕೂತಿದ್ದ.

“ನೀರು ಕೊಟ್ಲು ಕಣೋ,” ಎಂದ. “ಕೇಳ್ದೆ ಇದ್ರೂ ಕೊಟ್ಲು. ಬುದ್ಧಿ ಎಲ್ಲಾ ಅಲ್ಲೇ ಐತೆ. ನಾನೊಬ್ನೇ ಇಲ್ಲ.”

ಶೇಂಗಾ ಕೀಳುವ ದಿನಗಳು ಬಂದವು. ಹಟ್ಟಿಯವರೆಲ್ಲ ಹೊಲದಲ್ಲಿ, ನೇತ್ರಾವತಿ ಅಂಗನವಾಡಿಯಲ್ಲಿ, ಯಲ್ಲಕ್ಕನ ಜೊತೆಗೆ ನಿಂಗಕ್ಕ. ಮಧ್ಯಾಹ್ನ ನಿಂಗಕ್ಕ ಕಾಯಿ ಬಿಡಿಸುತ್ತ ಬಿಡಿಸುತ್ತ ಗೋಡೆಗೆ ಒರಗಿ ಜೊಂಪಿಗೆ ಜಾರಿದಳು. ಎದ್ದು ನೋಡಿದರೆ ಯಲ್ಲಕ್ಕ ಇಲ್ಲ.

ಆಕೆ ಬಂದದ್ದು ಹರಿಯಬ್ಬೆಗೆ, ನನ್ನ ಗಿರಣಿಯ ಮುಂದಿನ ಬಸ್‌ಸ್ಟಾಪಿಗೆ. ಬರಿಗಾಲು, ಕೈಯಲ್ಲಿ ಒಂದು ಜಾಲಿಯ ಕಡ್ಡಿ. ನಾನು ಪಟ್ಟಾ ನಿಲ್ಲಿಸಿ ಹೊರಗೆ ಬರುವಷ್ಟರಲ್ಲಿ ಬಸ್ಸಿಗೆ ಕಾದಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಕೇಳುತ್ತಿದ್ದಳು. ಆ ದನಿ ಯಲ್ಲಕ್ಕನ ದನಿಯಲ್ಲ. ತೆಳ್ಳಗಿನ, ಅವಸರದ, ಸಣ್ಣ ಹುಡುಗಿಯ ದನಿ.

“ಕಾಟನ್ನ ನೋಡಿದ್ರಾ? ನಮ್ಮ ಅತ್ತೆ ಮಗ. ಕುರಿ ಹೊಡ್ಕಂಡು ಆ ಕಡೆ ಹೋದೋನು ಬಂದೇ ಇಲ್ಲ. ಕಾಟಾ ಅಂತ. ನೋಡಿದ್ರಾ?”

ಹಿಂದೆಯೇ ಓಡಿ ಬಂದ ನಿಂಗಕ್ಕ ಅದನ್ನು ಕೇಳಿ ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯಯ್ಯೋ, ಗಂಡನ ಹೆಸ್ರು! ತಿಮ್ಮಣ್ಣ, ಆಕಿ ಬಾಯಿ ಮುಚ್ರೋ ಯಾರಾದ್ರೂ.”

ನಾನು ಬಾಯಿ ಮುಚ್ಚಿಸಲಿಲ್ಲ. ಕಾಟಲಿಂಗಪ್ಪನಿಗೆ ಫೋನ್ ಹಚ್ಚಿದೆ. ಹೊಲ ಹತ್ತಿರವೇ ಇತ್ತು, ಮೈಯೆಲ್ಲ ಕೆಮ್ಮಣ್ಣು ಮಾಡಿಕೊಂಡು ಬಂದ. ಗಿರಣಿಯ ತಿರುವಿನಲ್ಲಿ ಇದ್ದಾಗಲೇ ಅವನಿಗೆ ಆ ಕೂಗು ಕೇಳಿತು. “ಲೇ ಕಾಟಾ…” ಎಂದು ಉದ್ದಕ್ಕೆ. ನಡೆಯುತ್ತಿದ್ದವನು ನಿಂತುಬಿಟ್ಟ. ಹಿಂದಿನಿಂದ ಯಾರೋ ಹೆಗಲು ಹಿಡಿದು ನಿಲ್ಲಿಸಿದ ಹಾಗೆ.

ನಿಂಗಕ್ಕ ಅವನ ಹತ್ತಿರ ಓಡಿದಳು. “ಮಾವ, ಏನೂ ತಿಳ್ಕಬ್ಯಾಡ್ರಿ. ಅರಳುಮರಳು ಆಗಿ ಅಂತಾಳೆ. ಆಯಸ್ಸಿಗೆ ಏನೂ ಆಗಲ್ಲ ಬಿಡ್ರಿ.”

“ಆಗ್ಲಿ ಬಿಡವ್ವ,” ಎಂದ ಕಾಟಲಿಂಗಪ್ಪ. “ಈ ಕೂಗು ಕೇಳಾಕೇ ಅಂತ ಇಟ್ಕಂಡಿದ್ದೆ ಆಯಸ್ಸನ್ನ.”

ಅವಸರದಿಂದ ಬಂದು ಹೆಂಡತಿಯ ಎದುರಿಗೆ ನಿಂತ. ಟವಲ್ಲಿನಿಂದ ಮುಖ ಒರೆಸಿಕೊಂಡ. “ಬಂದೆ ಕಣೆ. ನಾನೇ ಕಾಟ.”

ಯಲ್ಲಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಸೆರಗು ತಲೆಗೆ ಬಂತು. ಒಂದು ಹೆಜ್ಜೆ ಹಿಂದೆ ಸರಿದಳು.

“ನೀವಲ್ಲ ಹಿರೇರೇ. ಕಾಟ ಹುಡುಗ. ಮೀಸೇನೇ ಬಂದಿಲ್ಲ ಅವ್ನಿಗೆ.”

“ಲೇ ಯಲ್ಲಿ, ನಾನೇ. ನೋಡು ಇಲ್ಲಿ. ಮಾಡದಕೆರೆ…”

“ಮೈ ಮುಟ್ಟಬ್ಯಾಡ್ರಿ!” ಯಲ್ಲಕ್ಕ ಚೀರಿ ಜಾಲಿಯ ಕಡ್ಡಿಯನ್ನು ಎತ್ತಿದಳು. ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು. ಆಕೆ ರಸ್ತೆಯ ಕಡೆ ಓಡಲು ಹೊರಟಳು. ನಿಂಗಕ್ಕನೂ ನಾನೂ ಅಡ್ಡ ನಿಂತೆವು. ನಮ್ಮನ್ನೂ ನೂಕಿದಳು. ಎದುರಿನಿಂದ ಬಸ್ಸು ಹಾರ್ನ್ ಹೊಡೆಯುತ್ತ ಬರುತ್ತಿತ್ತು.

ಕಾಟಲಿಂಗಪ್ಪ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ತನ್ನ ಕೈಯನ್ನೇ ಒಂದು ಗಳಿಗೆ ನೋಡಿದ. ಆಮೇಲೆ ತಿರುಗಿ ನಡೆದು ಗಿರಣಿಯ ಗೋಡೆಯ ಹಿಂದೆ ಹೋಗಿಬಿಟ್ಟ. ಅಳಲು ಹೋದ ಎಂದುಕೊಂಡೆ.

ಗೋಡೆಯ ಮರೆಯಿಂದ ಬಂತು, “ಟುರ್ರ್… ಹೋ…”

ಮುದುಕನ ಗಂಟಲು, ಮೊದಲ ಸಲ ಒಡೆಯಿತು. ಎರಡನೆಯ ಸಲ ನೆಟ್ಟಗೆ ಬಂತು. ಯಲ್ಲಕ್ಕನ ಕೈಯ ಕಡ್ಡಿ ಕೆಳಗೆ ಇಳಿಯಿತು. ಮುಖ ಗೋಡೆಯ ಕಡೆ ತಿರುಗಿತು. ಬಸ್ಸು ಬಂದು ಜನ ಹತ್ತಿಸಿಕೊಂಡು ಹೋಯಿತು, ಆಕೆ ಅದನ್ನು ನೋಡಲೇ ಇಲ್ಲ.

“ಅಗೋ,” ಎಂದಳು. ನನ್ನ ಕಡೆ ತಿರುಗಿ, “ಬಂದ ನೋಡ್ರಿ. ನಾ ಹೇಳ್ಲಿಲ್ವಾ? ಎಲ್ಲಿಗೆ ಹೋಗ್ತಾನೆ ಅವ್ನು.” ಮತ್ತೆ ಗೋಡೆಯ ಕಡೆಗೆ, “ಲೇ ಕಾಟಾ… ಎಲ್ಲಿಗ್ ಹೋಗಿದ್ಯೋ? ಮನೀಗೆ ಹೋಗಾಣ ಬಾರೋ…”

“ಟುರ್ರ್… ಹೋ…” ಈ ಸಲ ಕೂಗು ಸ್ವಲ್ಪ ದೂರದಿಂದ, ಹಟ್ಟಿಯ ದಾರಿಯ ಜಾಲಿಗಿಡಗಳ ಕಡೆಯಿಂದ ಬಂತು.

ಹಾಗೇ ನಾವು ಹಟ್ಟಿಗೆ ಹೋದೆವು. ಮುಂದೆ ಎಲ್ಲೋ ಗಿಡಗಳ ಹಿಂದೆ, ಬದುವಿನ ಹಿಂದೆ ಕಣ್ಣಿಗೆ ಬೀಳದಂತೆ ಬಗ್ಗಿಕೊಂಡು ಕಾಟಲಿಂಗಪ್ಪ. ಮಂಡಿ ನೋವಿನವನು ಅಷ್ಟು ಚುರುಕಾಗಿ ಹೇಗೆ ನಡೆದನೋ. ಹಿಂದೆ ಯಲ್ಲಕ್ಕ, ಪಕ್ಕದಲ್ಲಿ ನಾನು. ನಿಂಗಕ್ಕ ಮೂಗು ಸೀಟಿಕೊಳ್ಳುತ್ತ ಹಿಂದಿನಿಂದ. ಯಲ್ಲಕ್ಕ ನಾಲ್ಕು ಹೆಜ್ಜೆ ಹಾಕುವಳು, ಕರೆಯುವಳು, ಉತ್ತರ ಕೇಳಿದ ಮೇಲೇ ಮುಂದಕ್ಕೆ ಹೆಜ್ಜೆ ಇಡುವಳು. ದಾರಿಯಲ್ಲಿ ನಗುತ್ತಿದ್ದಳು. ಹಟ್ಟಿಯ ಕೊನೆಯ ಮನೆಗೂ ಕೇಳುತ್ತಿದ್ದ ಆ ನಗುವನ್ನು ನಾನು ವರ್ಷದಿಂದ ಕೇಳಿರಲಿಲ್ಲ.

“ಎಷ್ಟ್ ಸಲ ಕರೀತೀಯವ್ವ?” ಎಂದೆ. “ಬಾಯಿ ನೋಯಲ್ವಾ?”

ಆಕೆ ನನ್ನ ಹತ್ತಿರಕ್ಕೆ ಸರಿದು ಗುಟ್ಟು ಹೇಳುವ ಹಾಗೆ ಹೇಳಿದಳು.

“ನನ್ನ ಅವ್ನಿಗೇ ಕೊಡ್ತಾರಂತೆ. ಅಜ್ಜಿ ಅಂತಿತ್ತು. ಕೊಟ್ ಮೇಲೆ ಹೆಸ್ರು ಕರೆಯಂಗಿಲ್ಲ. ಅದಕ್ಕೇ ಈಗ್ಲೇ ಕರ್ಕಂಡ್ ಬಿಡ್ತೀನಿ.”

ಮುಂದೆ ಜಾಲಿಗಿಡದ ಹಿಂದೆ ಹೆಜ್ಜೆಯ ಸದ್ದು ನಿಂತಿತು. ಅವನಿಗೆ ಕೇಳಿಸಿತ್ತು. ಯಲ್ಲಕ್ಕ ಮತ್ತೆ ಕರೆದಳು. ಉತ್ತರ ಬರಲಿಲ್ಲ. ಆಕೆಯ ಮುಖ ಸಣ್ಣದಾಯಿತು. “ಕಾಟಾ?” ಎಂದು ಮೆಲ್ಲಗೆ ಇನ್ನೊಂದು ಸಲ ಕೂಗಿದಳು. ಬಹಳ ಹೊತ್ತಿನ ಮೇಲೆ ಟುರ್ರ್ ಎಂಬುದಷ್ಟೇ ಕೇಳಿತು. ಹೋ ಎಂಬುದು ಬರಲಿಲ್ಲ.

ಮನೆಯ ಮುಂದೆ ನೇತ್ರಾವತಿ ನಿಂತಿದ್ದಳು. ಯಲ್ಲಕ್ಕ ಜಗುಲಿಯ ಮೇಲೆ ಕೂತು ಕಾಲು ಒತ್ತಿಕೊಂಡ ಮೇಲೆ, ಕಾಟಲಿಂಗಪ್ಪ ರೊಪ್ಪದ ಹಿಂದಿನಿಂದ ಏನೂ ಆಗದವನ ಹಾಗೆ ಬಂದ. ಯಲ್ಲಕ್ಕ ಸೆರಗು ಎಳೆದುಕೊಂಡು ಗೋಡೆಗೆ ಸರಿದಳು. “ಕುಂತ್ಕಳ್ರಿ ಹಿರೇರೇ,” ಎಂದಳು. “ನಮ್ಮ ಕಾಟ ಬಂದ. ಕುರಿ ಕೂಡಾಕೆ ಹೋಗ್ಯಾನೆ.”

“ಒಳ್ಳೇದಾಯ್ತು ಬಿಡವ್ವ,” ಎಂದ ಕಾಟಲಿಂಗಪ್ಪ, ಜಗುಲಿಯ ಇನ್ನೊಂದು ತುದಿಯಲ್ಲಿ ಕೂತ. ಆವತ್ತಿನಿಂದ ಅವನು ನಾನ್ಯಾರು ಎಂದು ಕೇಳಿದ್ದಿಲ್ಲ.

ಈಗಲೂ ಸಂಜೆ ಹಿಂಡು ಬರುವ ಹೊತ್ತಿಗೆ ಯಲ್ಲಕ್ಕನಿಗೆ ಒಳಗೊಳಗೇ ತಳಮಳ. ಎದ್ದು ಬಾಗಿಲಿಗೆ ಬರುತ್ತಾಳೆ, ರೊಪ್ಪದ ಕಡೆ ಮುಖ ಮಾಡಿ ಕರೆಯುತ್ತಾಳೆ. ಜಾಲಿಮುಳ್ಳಿನ ರೊಪ್ಪಕ್ಕೆ ಮನೆಯ ಕಡೆಗೆ ಮಾತ್ರ ಕಲ್ಲಿನ ಗೋಡೆಯೊಂದಿದೆ, ಆಳೆತ್ತರದ್ದು. ಅದರ ಮರೆಯಲ್ಲಿ ಕಾಟಲಿಂಗಪ್ಪ ಹೊತ್ತಿಗೆ ಮುಂಚೆಯೇ ಹೋಗಿ ನಿಂತಿರುತ್ತಾನೆ. ಹೊರಗೆ ಬಂದರೆ ಅವಳು ಕಾಣುತ್ತಾಳೆ, ಅವಳಿಗೂ ಇವನು ಕಾಣುತ್ತಾನೆ, ಕೂಗು ನಿಲ್ಲುತ್ತದೆ. ಅದಕ್ಕೆ ಬರುವುದಿಲ್ಲ. ಹಟ್ಟಿಯ ಹೆಂಗಸರು ಮೊದಮೊದಲು ಕಿವಿ ಮುಚ್ಚಿಕೊಂಡರು. ಈಗ ನಿಂಗಕ್ಕನೇ, “ಮಾವ, ಹೊತ್ತಾಯ್ತು, ಗೋಡೆ ಹಿಂದೆ ಹೋಗ್ರಿ,” ಎಂದು ಎಬ್ಬಿಸಿ ಕಳಿಸುತ್ತಾಳೆ.

ಮೊನ್ನೆ ರಾಗಿಹಿಟ್ಟಿನ ಚೀಲ ಕೊಡಲು ನಾನೇ ಹೋಗಿದ್ದೆ. ಕುರಿಗಳೆಲ್ಲ ಒಳಗೆ ಸೇರಿ, ಮರಿಗಳು ಹಾಲು ಕುಡಿದು ಮಲಗಿದ್ದವು. ಯಲ್ಲಕ್ಕ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಳು. ಕಾಟಲಿಂಗಪ್ಪ ಗೋಡೆಗೆ ಬೆನ್ನು ಕೊಟ್ಟು, ಕಂಬಳಿ ಹೊದ್ದು, ಕಿವಿ ಆ ಕಡೆ ಇಟ್ಟುಕೊಂಡು ನಿಂತಿದ್ದ.

“ಇನ್ನೂ ಎಷ್ಟೊತ್ತು ನಿಂತ್ಕಂತೀಯೋ?” ಎಂದೆ. “ಕರೆಯೋದು ನಿಲ್ಸಿದ್ಲಲ್ಲ. ನಡೀ ಒಳಗೆ.”

ಅವನು ನನ್ನ ಬಾಯಿಗೆ ಕೈ ಅಡ್ಡ ಇಟ್ಟ.

“ಸುಮ್ನಿರೋ,” ಎಂದ. “ಇನ್ನೊಂದ್ಸಲ ಕರೀತಾಳೆ.”